ಚಿಲಕ ವಾಪಸ್ ಹಾಕಿಸಿದ ಹೊಸ್ತಿಲಕ್ಕ

ಬೆಳಗ್ಗೆ ಆರು ಗಂಟೆ. ಮೂರನೇ ಮಹಡಿಯ ಮನೆಯೊಂದರ ಒಳಕೋಣೆಯ ಎದುರು, ತಣ್ಣನೆಯ ನೆಲದ ಮೇಲೆ, ಐವತ್ತೆರಡರ ಹೆಂಗಸೊಬ್ಬರು ಕಾಲು ಚಾಚಿ ಕೂತಿದ್ದಾರೆ. ಬಾಗಿಲಿಗೆ ಒಳಗಿನಿಂದ ಬೀರು ಅಡ್ಡ ಇದೆ. ಬೀರುವಿನ ಆಚೆ, ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದುಹಾಕಿದ ಹದಿನೈದರ ಹುಡುಗಿ ಇದ್ದಾಳೆ. ಹುಡುಗಿಯ ಅಪ್ಪ ಪಡಸಾಲೆಯಲ್ಲಿ ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಾರೆ.

"ಬಾಗಿಲು ಒಡೆದ್ಬಿಡ್ಲಾ ಮೇಡಂ?" ನಾಲ್ಕನೇ ಸಲ ಕೇಳುತ್ತಾರೆ.

"ಒಡೆದು ಏನ್ ಮಾಡ್ತೀರಿ ಸ್ವಾಮಿ? ಹೋಗಿ, ಒಂದ್ ಲೋಟ ನೀರು ತನ್ನಿ. ಅವಳಿಗಲ್ಲ, ನಂಗೆ."

ಇವರು ನಾಲ್ಕು ಬಡಾವಣೆಗಳ ಮಕ್ಕಳ ತುರ್ತು ನೆರವು ತಂಡದವರು. ಮನಸ್ಸು ಕೈಮೀರಿ, ಸಿಟ್ಟಿಗೋ ಭಯಕ್ಕೋ ಸಿಕ್ಕಿ ಒದ್ದಾಡುವ ಹದಿಹರೆಯದವರ ಮನೆಗೇ ಹೋಗಿ ಸಂಭಾಳಿಸುವುದು ಇವರ ಕೆಲಸ. ತಂಡ ಎಂದರೆ ಒಟ್ಟು ಇಬ್ಬರು. ಇನ್ನೊಬ್ಬಾಕೆ ಹೆರಿಗೆ ರಜೆಯಲ್ಲಿದ್ದಾರೆ, ಅವರ ಜಾಗಕ್ಕೆ ಯಾರನ್ನೂ ಹಾಕಿಲ್ಲ. ವಾರಕ್ಕೆ ಹನ್ನೊಂದು ಹನ್ನೆರಡು ಕರೆ ಬರುತ್ತವೆ. ಯಾವ ಮನೆಗೆ ಹೋದರೂ ಮುಚ್ಚಿದ ಬಾಗಿಲ ಮುಂದೆ ಕೂರುವುದರಿಂದ ಬಡಾವಣೆಯವರು ಇವರನ್ನು ಹೊಸ್ತಿಲಕ್ಕ ಎನ್ನುತ್ತಾರೆ. ಬಾಗಿಲು ತಟ್ಟುವುದಿಲ್ಲ, ಉಪದೇಶ ಮಾಡುವುದಿಲ್ಲ. "ನಾನು ಬಂದಿದೀನಿ, ಇಲ್ಲೇ ಕೂತಿರ್ತೀನಿ" ಎಂದು ಒಮ್ಮೆ ಹೇಳುತ್ತಾರೆ, ಕೂರುತ್ತಾರೆ.

ಇದಕ್ಕೆ ಮೊದಲು ಹದಿನೆಂಟು ವರ್ಷ ಶಾಲೆಯ ವ್ಯಾನ್ ಓಡಿಸಿದ್ದಾರೆ. "ಹಿಂದಿನ ಸೀಟಲ್ಲಿ ಯಾವ ಮಗು ಇವತ್ತು ಸರಿಯಿಲ್ಲ ಅಂತ ಕನ್ನಡೀಲೇ ಗೊತ್ತಾಗೋದು. ಶಾಲೇಲಿ ಹೇಳಿದ್ರೆ, ನೀವು ರಸ್ತೆ ನೋಡ್ಕೊಂಡು ಗಾಡಿ ಓಡ್ಸಿ ಅನ್ನೋರು" ಎನ್ನುತ್ತಾರೆ. ಸೊಂಟ ನೋವು ಆಗಿನದು. ಈಗ ನೆಲದ ಮೇಲೆ ಕೂರುವುದು ಅದಕ್ಕೆ ಉಪ್ಪು ಖಾರ ಸವರುತ್ತಿದೆ.

ಈ ಮನೆಯಿಂದ ಈ ತಿಂಗಳಲ್ಲಿ ಬಂದದ್ದು ಇದು ಮೂರನೇ ಕರೆ. ಕಚೇರಿಯ ನಿಯಮ ಕೇಳಿದರೆ ಪಿತ್ತ ನೆತ್ತಿಗೇರುತ್ತದೆ: ಮೂರನೇ ಭೇಟಿಯಲ್ಲಿ ಎರಡು ಗಂಟೆಯೊಳಗೆ ಮಗು ಹೊರಗೆ ಬರದಿದ್ದರೆ ಆಸ್ಪತ್ರೆಯ ವ್ಯಾನ್ ಕರೆಯಲೇಬೇಕು; ನಾಲ್ಕನೇ ಕರೆ ಬಂದರೆ ಕಾಯುವಂತೆಯೇ ಇಲ್ಲ. ಕಳೆದ ವರ್ಷ ಇದೇ ಹುಡುಗಿ ಆ ವ್ಯಾನಿನಲ್ಲಿ ಹೋಗಿ ಹನ್ನೆರಡು ದಿನ ವಾರ್ಡಿನಲ್ಲಿದ್ದಳು. ಬಂದ ಮೇಲೆ ಒಂದು ತಿಂಗಳು ಯಾರ ಜೊತೆಗೂ ಮಾತಾಡಲಿಲ್ಲ. ಹೊಸ್ತಿಲಕ್ಕ ಬಂದದ್ದು ಐದೂ ಮುಕ್ಕಾಲಿಗೆ. ಏಳೂ ಮುಕ್ಕಾಲಿಗೆ ಗಡುವು.

ಫೋನ್ ಹೊಡೆದುಕೊಳ್ಳುತ್ತದೆ. ಮೇಲ್ವಿಚಾರಕರು. "ಫಾರ್ಮ್ ತುಂಬಿದ್ರಾ?"

ಐವತ್ತಮೂರು ಪ್ರಶ್ನೆಗಳ ಫಾರ್ಮು. "'ಮಗು ಸಹಕರಿಸುತ್ತಿದೆಯೇ?' ಅಂತ ಕೇಳಿದಾರೆ. ಅಪ್ಪ ಸಹಕರಿಸ್ತಿದಾನಾ ಅಂತ ಒಂದಾದ್ರೂ ಪ್ರಶ್ನೆ ಬೇಡ್ವಾ?" ಹೊಸ್ತಿಲಕ್ಕ, ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನ್ನ ಕಡೆ ತಿರುಗಿ ಗೊಣಗುತ್ತಾರೆ.

ಅಪ್ಪ ನೀರಿನ ಜೊತೆಗೆ ಒಂದು ಬಿಸ್ಕತ್ತಿನ ಡಬ್ಬಿಯನ್ನೂ ತರುತ್ತಾರೆ. ಬಿಸ್ಕತ್ತಲ್ಲ. ಅದರ ತುಂಬ ಚಿಲಕ, ಬೋಲ್ಟು, ಸ್ಕ್ರೂ. "ಹೋದ ಸಲ ನೀವು ಹೇಳಿದ್ರಲ್ಲ ಮೇಡಂ, ಅವತ್ತೇ ಕೂತು ಬಿಚ್ಚಿದೆ. ಅವಳ ರೂಮು, ಬೀರು, ಓದೋ ಮೇಜಿನ ಡ್ರಾಯರು, ಒಂದೂ ಬಿಟ್ಟಿಲ್ಲ."

ಹೊಸ್ತಿಲಕ್ಕ ಹಣೆ ಚಚ್ಚಿಕೊಳ್ಳುತ್ತಾರೆ. ಹುಡುಗಿ ಹಿಂದಿನ ಸಲ ಬಚ್ಚಲಲ್ಲಿ ಚಿಲಕ ಹಾಕಿಕೊಂಡು ಕೂತಿದ್ದಕ್ಕೆ, ಬಚ್ಚಲಿನ ಚಿಲಕ ತೆಗೆಸಿ ಎಂದವರು ಇವರೇ. ಈ ಮಹಾನುಭಾವರು ಬೆರಳು ತೋರಿಸಿದರೆ ಹಸ್ತ ನುಂಗಿದ್ದಾರೆ. ನನಗೂ ರೇಗಿಹೋಗುತ್ತದೆ.

ಬೀರುವಿನ ಆಚೆಯಿಂದ ಮೊದಲ ಬಾರಿಗೆ ದನಿ ಬರುತ್ತದೆ. "ಬಟ್ಟೆ ಬದಲಾಯಿಸುವಾಗ್ಲೂ ಬಾಗಿಲು ತಳ್ಕೊಂಡು ಬರ್ತಾರೆ ಆಂಟಿ. ಅಮ್ಮ ಬರ್ತಾಳೆ, ಅಜ್ಜಿ ಬರ್ತಾರೆ. ಹುಷಾರಾಗಿದೀಯಾ, ಹುಷಾರಾಗಿದೀಯಾ ಅಂತ. ಹೇಗ್ ಹುಷಾರಾಗಿರ್ಲಿ?"

"ತಪ್ಪು ನಂದೇ ಪುಟ್ಟಿ" ಎನ್ನುತ್ತಾರೆ ಹೊಸ್ತಿಲಕ್ಕ. "ಬಚ್ಚಲದ್ದು ತೆಗೀರಿ ಅಂದೆ. ಮಿಕ್ಕಿದ್ದು ಮುಟ್ಬೇಡಿ ಅಂತ ಹೇಳ್ಬೇಕಿತ್ತು, ಹೇಳ್ಲಿಲ್ಲ."

"ಮೇಡಂ, ಅವಳ ಮುಂದೆ ನೀವು ತಪ್ಪು ಒಪ್ಕೊಂಡ್ರೆ ಹೇಗೆ?" ಅಪ್ಪ ಬಾಯಿ ಹಾಕುತ್ತಾರೆ.

"ನೀವೂ ಒಪ್ಕೊಳ್ಳಿ, ಇನ್ನೂ ಬೇಗ ಮುಗಿಯುತ್ತೆ."

ಏಳೂವರೆ. ಹೊಸ್ತಿಲಕ್ಕ ಬಾಗಿಲಿಗೆ ಬೆನ್ನು ಕೊಟ್ಟು, ಎಂದಿನ ದನಿಯಲ್ಲೇ ಹೇಳುತ್ತಾರೆ: "ಅಂಗಡಿ ತೆಗೀಲಿ, ಹೊಸ ಚಿಲಕ ಹಾಕಿಸ್ತೀನಿ. ಒಳಗಿಂದ ನೀನು ಹಾಕ್ಕೋ. ತೀರಾ ಅಗತ್ಯ ಬಿದ್ರೆ ಹೊರಗಿಂದ್ಲೂ ತೆಗೆಯೋಕಾಗ್ಬೇಕು, ಅಂಥದ್ದು. ಅಲ್ಲೀವರೆಗೂ ನಾನೇ ಇಲ್ಲಿ ಕೂತಿರ್ತೀನಿ, ಯಾರನ್ನೂ ಒಳಗ್ ಬಿಡಲ್ಲ. ನೀನೊಂದು ಮಾತು ಕೊಡು. ತಡೆಯೋಕಾಗ್ತಿಲ್ಲ ಅನ್ನಿಸಿದ್ರೆ, ಬೀರು ಎಳೆಯೋ ಮೊದ್ಲು ನೀನೇ ನಂಗೆ ಫೋನ್ ಮಾಡ್ಬೇಕು."

ಅಪ್ಪ ಡಬ್ಬಿಯನ್ನು ಎದೆಗವಚಿಕೊಂಡು ನಿಂತಿದ್ದಾರೆ. ಅಷ್ಟು ಹೊತ್ತು ರೇಗಿದ್ದ ನನಗೆ ಈಗ ಪಾಪ ಅನ್ನಿಸುತ್ತದೆ. ಅವರು ಬಾಗಿಲ ಹತ್ತಿರ ಬರುತ್ತಾರೆ. "ತಪ್ಪಾಯ್ತು ಕಣಮ್ಮ" ಎನ್ನುತ್ತಾರೆ, ಬಾಗಿಲಿಗೆ ಕೇಳಿಸುವಷ್ಟು ಮಾತ್ರ.

ಗಡುವಿಗೆ ನಾಲ್ಕು ನಿಮಿಷವಿರುವಾಗ ಬೀರು ನೆಲ ಕೆರೆದುಕೊಂಡು ಸರಿಯುತ್ತದೆ. ಕೆದರಿದ ಕೂದಲಿನ ಹುಡುಗಿ ಹೊರಗೆ ಬಂದು ಹೊಸ್ತಿಲಕ್ಕನ ಪಕ್ಕ ಕೂರುತ್ತಾಳೆ. ಹೊಸ್ತಿಲಕ್ಕ ಎದ್ದು ನಿಲ್ಲಲು ಕೈ ಕೊಡು ಎನ್ನುತ್ತಾರೆ. ಹುಡುಗಿ ಕೊಡುತ್ತಾಳೆ.

ಒಂಬತ್ತು ದಿನ ಬಿಟ್ಟು, ಮಧ್ಯಾಹ್ನ ಮೂರಕ್ಕೆ ನಾನು ಅವರ ಕಚೇರಿಯಲ್ಲಿದ್ದೇನೆ. ಒಂದು ಮೇಜು, ಎರಡು ಕುರ್ಚಿ, ಫಾರ್ಮುಗಳ ಗುಡ್ಡೆ. ಫೋನ್ ಬರುತ್ತದೆ. ಹೊಸ್ತಿಲಕ್ಕ ಸ್ಪೀಕರ್ ಒತ್ತುತ್ತಾರೆ.

"ಆಂಟಿ, ಏನೂ ಒಡೆದಿಲ್ಲ. ಆದ್ರೆ ಒಡೀಬೇಕು ಅನ್ನಿಸ್ತಿದೆ. ಬರ್ತೀರಾ?"

"ಹೊರಟೆ ಪುಟ್ಟಿ."

ಪಕ್ಕದ ಕುರ್ಚಿಯ ಮೇಲ್ವಿಚಾರಕರು ಆಗಲೇ ರಿಜಿಸ್ಟರ್ ತೆರೆದಿದ್ದಾರೆ. "ಅದೇ ಮನೆ. ನಾಲ್ಕನೇ ಕರೆ. ವ್ಯಾನ್‌ಗೆ ಹೇಳ್ಬೇಕಲ್ಲ?"

ಹೊಸ್ತಿಲಕ್ಕ ಸೊಂಟ ಹಿಡಿದುಕೊಂಡು ಏಳುತ್ತಾರೆ. "ಆ ಮೂರು ಕರೆ ಅವಳಪ್ಪ ಮಾಡಿದ್ದು ಸಾರ್. ಇದು ಅವಳು ಮಾಡಿರೋದು. ಒಂದು ಅಂತ ಬರ್ಕೊಳ್ಳಿ."