ಮೂರ್ತಿಯವರ ಗಿಟಾರಿನ ಜಿರ್ ಸದ್ದು

1999ರಲ್ಲಿ ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ ನನ್ನದೊಂದು ತಂತಿವಾದ್ಯ ರಿಪೇರಿ ಅಂಗಡಿಯಿತ್ತು. ವೀಣೆ, ಮ್ಯಾಂಡೊಲಿನ್, ಗಿಟಾರ್, ಯಾವುದು ಬಂದರೂ ಬಿಚ್ಚುತ್ತಿದ್ದೆ. ಗಿರಾಕಿಗಳ ಮನೆಕಥೆ ಕೇಳುವ ತಾಳ್ಮೆ ಮಾತ್ರ ನನಗಿರಲಿಲ್ಲ.

ಆ ವರ್ಷ ಶ್ರಾವಣದಲ್ಲಿ ಬನಶಂಕರಿಯಿಂದ ಶ್ರೀಧರಮೂರ್ತಿ ಎಂಬುವವರು ಬಂದರು. ಭಕ್ತಿಗೀತೆಗಳ ಕ್ಯಾಸೆಟ್ಟುಗಳಿಗೆ ಗಿಟಾರ್ ನುಡಿಸುವುದೇ ಅವರ ಜೀವನ. ಅವರ ಕೈಲಿದ್ದದ್ದು ಆರ್ಚ್‌ಟಾಪ್ ಎಲೆಕ್ಟ್ರಿಕ್ ಗಿಟಾರ್. ಪಿಟೀಲಿನ ಹಾಗೆ ಇದರ ಮುಂಭಾಗ ಉಬ್ಬಿರುತ್ತದೆ, ಎರಡು ಕಡೆ ಉದ್ದನೆಯ ಸೀಳುಗಳಿರುತ್ತವೆ, ಒಳಗೆಲ್ಲ ಟೊಳ್ಳು. ದಪ್ಪ ತಂತಿಯ ಒಂದು ಸ್ವರ ಮೀಟಿದಾಗ ಒಳಗೆಲ್ಲೋ ಜಿರ್ ಎನ್ನುತ್ತಿತ್ತು. ಸ್ಟುಡಿಯೋದಲ್ಲಿ ಗಿಟಾರಿನ ಮುಂದೆಯೂ ಒಂದು ಮೈಕ್ ಇಡುತ್ತಿದ್ದರಿಂದ ಅದು ಹಾಡಿನಲ್ಲೂ ಕೇಳಿಸುತ್ತಿತ್ತು.

"ನಾಡಿದ್ದು ರೆಕಾರ್ಡಿಂಗ್ ಇದೆ ಸಾರ್. ಇನ್ನೊಂದ್ಸಲ ಈ ಸೌಂಡ್ ಬಂದ್ರೆ ನೀವು ಬೇಡ, ಕೀಬೋರ್ಡಲ್ಲೇ ಮಾಡ್ಕೋತೀವಿ ಅಂದಿದಾರೆ."

ಬೇರೆ ಯಾರದೋ ಕೆಲಸ ಹೋಗುವ ಸುದ್ದಿ ಹೇಳಿದಂತಿತ್ತು. ಹೆಂಡತಿ ನಾಗರತ್ನ ಆಷಾಢದಲ್ಲಿ ತೀರಿಕೊಂಡದ್ದನ್ನೂ ಅದೇ ದನಿಯಲ್ಲಿ ಹೇಳಿದರು. ನಾನು "ಅಯ್ಯೋ" ಎಂದು ಸ್ಕ್ರೂಡ್ರೈವರ್ ತೆಗೆದುಕೊಂಡೆ.

ಇಂಥ ಸದ್ದನ್ನು ಹೊರಗಿನಿಂದ ಒಳಕ್ಕೆ ಹುಡುಕುತ್ತಾ ಹೋಗಬೇಕು. ತಂತಿ ಗಿಟಾರಿನ ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳಿಗೆ ತಗಲುತ್ತಿರಲಿಲ್ಲ. ತಂತಿ ಬಿಗಿಸುವ ಕೀಲುಗಳ ನಟ್ಟು, ತಂತಿಗಳನ್ನು ಹೊತ್ತ ಬ್ರಿಜ್ಜಿನ ತಿರುಪು, ಎಲ್ಲವೂ ಬಿಗಿಯಾಗಿದ್ದವು. ಒಳಗಿನ ವೈರು ಮರಕ್ಕೆ ಬಡಿಯುತ್ತಿರಬಹುದೆಂದು ಸ್ಪಂಜು ಸುತ್ತಿದೆ. ಸದ್ದು ತಗ್ಗಿತು, ಹೋಗಲಿಲ್ಲ. ಅಲುಗಾಡಿಸಿದರೆ ಒಳಗೆ ಏನೂ ಕದಲಲಿಲ್ಲ. ದರಿದ್ರದ್ದು, ನನ್ನ ತಲೆ ಕೆಟ್ಟುಹೋಯಿತು.

ಕೊನೆಗೆ ಹಲ್ಲಿನ ಡಾಕ್ಟರರು ಬಳಸುವಂಥ ಕನ್ನಡಿಯನ್ನು ಸೀಳಿನಲ್ಲಿ ಇಳಿಸಿ ಟಾರ್ಚ್ ಬಿಟ್ಟೆ. ಅಂಚಿನ ಉದ್ದಕ್ಕೂ ಅಂಟಿಸಿದ ಮರದ ಪಟ್ಟಿಯ ಸಂದುಗಳಲ್ಲಿ ಹಳದಿ ಅಕ್ಕಿಕಾಳು. ಅಕ್ಷತೆ! ಅರಿಶಿನ, ತುಪ್ಪದ ಜಿಡ್ಡಿಗೆ ಕಾಳಿನ ಒಂದು ತುದಿ ಅಂಟಿಕೊಂಡು, ತಂತಿ ಮೀಟಿದಾಗಲೆಲ್ಲ ಇನ್ನೊಂದು ತುದಿ ಅದುರುತ್ತಿತ್ತು.

"ಏನ್ರೀ ಇದು, ಗಿಟಾರೊಳಗೆ ಮದುವೆ ಮಾಡ್ಸಿದೀರಾ?" ಎಂದು ರೇಗಿದೆ.

ಮೂರ್ತಿ ಬಗ್ಗಿ ಕನ್ನಡಿಯಲ್ಲಿ ನೋಡಿದರು. "ಆಯುಧಪೂಜೆ ಸಾರ್. ಪ್ರತಿ ವರ್ಷ ಅವಳೇ ಮಾಡೋದು. ಆಮೇಲೆ ಗಿಟಾರ್ ತಲೆಕೆಳಗೆ ಹಿಡ್ದು ಅಲ್ಲಾಡಿಸೋಳು. ಒಡೆದುಹಾಕ್ತೀಯೇನೇ ಅಂತ ನಾನು ಬೈಯೋನು. ಯಾಕೆ ಅಂತ ಕೇಳಿರ್ಲಿಲ್ಲ." ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದರು. "ಹೋದ ವರ್ಷ ಮಂಚದ ಮೇಲೇ ಕೂತು ಅಕ್ಷತೆ ಹಾಕಿದ್ಲು. ಎತ್ತೋಕೆ ಅವಳಿಗೆ ಆಗ್ಲಿಲ್ಲ."

ನಾನು ಬಾಗಿದ ಕಂಬಿಯಿಂದ ಒಂದೊಂದೇ ಕಾಳು ಕೆದಕಿ ತೆಗೆದೆ. ಅವರು ಆ ಸ್ವರ ಮೀಟಿದರು. ಸ್ವಚ್ಛವಾಗಿ ಕೇಳಿಸಿತು. ಮತ್ತೆ ಮೀಟಿದರು.

"ಸದ್ದು ಹೋಯ್ತು," ಎಂದೆ.

"ಹೋಯ್ತು ಸಾರ್," ಎಂದರು. ಮುಖದಲ್ಲಿ ಏನೂ ಇರಲಿಲ್ಲ. ಗಿಟಾರನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಬಸ್ ಸ್ಟಾಪಿನ ಕಡೆ ಹೋದರು. ರೆಕಾರ್ಡಿಂಗ್ ಸರಿಯಾಯಿತು, ಕೆಲಸ ಉಳಿಯಿತು ಎಂದು ಆಮೇಲೆ ಫೋನ್ ಮಾಡಿ ತಿಳಿಸಿದರು.

ಆಯುಧಪೂಜೆಯ ಬೆಳಿಗ್ಗೆ ಅವರು ಮತ್ತೆ ಅಂಗಡಿಗೆ ಬಂದರು. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. "ನಿಮ್ಮ ಸಾಮಾನಿನ ಜೊತೆ ಇದಕ್ಕೂ ಪೂಜೆ ಮಾಡ್ಬಿಡಿ ಸಾರ್."

ಉಳಿ, ಸುತ್ತಿಗೆಗಳ ಪಕ್ಕದಲ್ಲಿ ಗಿಟಾರನ್ನು ಮಲಗಿಸಿದೆ. ಮತ್ತೆ ಅದೇ ರಾಮಾಯಣ ಬೇಡವೆಂದು ಸೀಳುಗಳ ಮೇಲೆ ಕಾಗದ ಮುಚ್ಚಿದೆ. ಮೂರ್ತಿ ಆ ಕಾಗದ ತೆಗೆದು ಪಕ್ಕಕ್ಕಿಟ್ಟರು.

"ಬೀಳ್ಲಿ ಬಿಡಿ ಸಾರ್."

ಅಕ್ಷತೆ ಹಾಕಿದೆ. ಕಾಳುಗಳು ಟಪಟಪನೆ ಒಳಗೆ ಬಿದ್ದವು. ಅವರು ಗಿಟಾರನ್ನು ಎತ್ತಿ ತಲೆಕೆಳಗು ಮಾಡಿ ಅಲ್ಲಾಡಿಸಿದರು. ಅಭ್ಯಾಸವಿಲ್ಲದ ಕೈ, ಒಂದು ಕಾಳೂ ಬೀಳಲಿಲ್ಲ. ಸೀಳು ಕೆಳಗೆ ಬರುವ ಹಾಗೆ ಓರೆ ಮಾಡಿ ಮತ್ತೆ ಅಲ್ಲಾಡಿಸಿದಾಗ ಕಾಳುಗಳು ಅವರ ಚಪ್ಪಲಿಯ ಮೇಲೆ ಉದುರಿದವು. ಆಗ ಅವರಿಗೆ ಅಳು ಬಂತು. ನಾನು ಗಿಟಾರಿನ ಇನ್ನೊಂದು ತುದಿ ಹಿಡಿದುಕೊಂಡೆ.

ಅಂಗಡಿ ಮುಚ್ಚುವವರೆಗೂ, ಇಂಥ ಸದ್ದು ಮಾಡುವ ವಾದ್ಯ ಯಾವುದು ಬಂದರೂ ಸ್ಕ್ರೂಡ್ರೈವರ್ ಮುಟ್ಟುವ ಮೊದಲು ನಾನು ಒಂದು ಪ್ರಶ್ನೆ ಕೇಳುತ್ತಿದ್ದೆ: "ಮನೇಲಿ ಇದನ್ನ ಇನ್ಯಾರು ಮುಟ್ತಾರೆ?" ಆಮೇಲೆ ಸ್ಟೂಲು ಎಳೆದು ಕೂತು, ಅವರು ಹೇಳುವುದನ್ನೆಲ್ಲ ಕೇಳುತ್ತಿದ್ದೆ.