ಕೆಂಪು ಮಣ್ಣು ಬೀಳುವ ಮುನ್ನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿಷ್ಣುಕಲಾ ಛೇತ್ರಿ ಬೇರೆಯವರ ಮನೆಯ ಗೋಡೆಗೆ ಮೂಗು ತಾಗಿಸಿ ನಿಂತಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಅಳತೆಪಟ್ಟಿ. ಒಳಗಿಂದ ಮೊದಲು ಕೆಮ್ಮು ಬರುತ್ತದೆ, ಹಿಂದೆಯೇ ಮಾತು.

"ಯಾರದು?"

"ನಾನು ಬೋಜು, ಬಿಷ್ಣು."

"ಕೋಳಿಗಿಂತ ಮುಂಚೆ ಬಂದ್ಯಾ? ನೀನು ಕೋಳಿಯಾಗಿದ್ರೆ ಹಬ್ಬಕ್ಕಾದರೂ ಆಗ್ತಿದ್ದೆ."

ಮನೆಯೊಡತಿ ಜಸ್‌ಮಾಯಾ ರಾಯ್ ಊರಿಗೆಲ್ಲ ಬೋಜು, ಅಂದರೆ ಅಜ್ಜಿ. ಊರು ಲಾಂಪಾತೆ ಬಸ್ತಿ, ಕಾಲಿಂಪೋಂಗಿನಿಂದ ತೀಸ್ತಾ ಹೊಳೆಯ ಕಡೆಗಿನ ಇಳಿಜಾರು. ನಾವು ದಿನಾ ಇಳಿಯುತ್ತೇವೆ, ಆಗಾಗ ಜಾರುತ್ತೇವೆ. ನಮ್ಮ ನೆಲದ್ದೂ ಅದೇ ಚಾಳಿ.

ಪ್ರತಿ ವರ್ಷ ಮಳೆ ಮುಗಿದ ಮೇಲೆ ಪಟ್ಟಣದ ಸಮೀಕ್ಷಾ ತಂಡವೊಂದು ಈ ಗುಡ್ಡಗಳ ಅಪಾಯದ ನಕ್ಷೆ ಮಾಡುತ್ತದೆ. ಹಸಿರು ಅಂದರೆ ಕ್ಷೇಮ, ಹಳದಿ ಅಂದರೆ ಎಚ್ಚರ, ಕೆಂಪು ಅಂದರೆ ಮುಂದಿನ ಮಳೆಗೆ ಮೊದಲು ಬೇರೆ ಜಾಗ. ಉಪಗ್ರಹದ ಚಿತ್ರ ತಂಡದ ಬಳಿ ಇದೆ. ಚಿತ್ರಕ್ಕೆ ಕಾಣದ್ದನ್ನು ತಂಡದ ಪರವಾಗಿ ಊರಿನವರೇ ಆದ ಬಿಷ್ಣುಕಲಾ ನೋಡಿ ಬರಬೇಕು. ಮೇಲಿನಿಂದ ಕಾಡು ಅನ್ನಿಸುವುದು ಒಳಗೆ ಏಲಕ್ಕಿ ತೋಟವೇ? ಶುಂಠಿ ಕಿತ್ತ ಹೊಲದ ಮಣ್ಣು ಸಡಿಲವಾಗಿದೆಯೇ? ರಸ್ತೆ ಮಾಡುವವರು ಗುಡ್ಡದ ಬುಡ ಕಡಿದರೇ? ಬುಗ್ಗೆ ಬೇರೆ ಕಡೆ ಒಡೆದಿದೆಯೇ? ಇಷ್ಟೂ ಆದ ಮೇಲೆ ಗೋಡೆಗಳು. ಮಳೆಗೆ ಮುಂಚೆಯೇ ಒಂದೊಂದು ಬಿರುಕಿಗೂ ಅಡ್ಡವಾಗಿ ನೀಲಿ ಬಣ್ಣದ ಗೆರೆ ಎಳೆದಿಟ್ಟಿರುತ್ತಾರೆ. ಮಳೆ ನಿಂತಾಗ ಗೆರೆಯ ಎರಡು ತುಂಡು ದೂರವಾಗಿದ್ದರೆ, ಕೆಳಗಿನ ನೆಲವೂ ಸರಿದಿದೆ ಎಂದರ್ಥ.

ತೊಡಕು ಏನೆಂದರೆ, ಮಳೆ ಹೋಗುವ ಬಾಗಿಲಲ್ಲೇ ದಸೈಂ, ಅಂದರೆ ನೇಪಾಳಿ ದಸರಾ ಹಬ್ಬ, ಬಂದು ನಿಲ್ಲುತ್ತದೆ. ಹಬ್ಬಕ್ಕೆ ಮನೆಗೆ ಕೆಂಪು ಮಣ್ಣು ಸಾರಿಸಲೇಬೇಕು. ಸಾರಿಸದ ಮನೆ ಸೂತಕದ ಮನೆ. ಮಣ್ಣು ಬಿತ್ತೋ, ಬಿರುಕೂ ಇಲ್ಲ, ಗೆರೆಯೂ ಇಲ್ಲ. ದೇವಿಗೆಂದು ಬಳಿದದ್ದನ್ನು ಕೆರೆಯಲು ಯಾರೂ ಬಿಡುವುದಿಲ್ಲ. ಹೀಗೆ ಗೋಡೆ ಕೆಂಪಾದ ಮನೆ ನಕ್ಷೆಯಲ್ಲಿ ಕೆಂಪಾಗುವುದೇ ಇಲ್ಲ.

"ಹೋದ ವರ್ಷ ನಾನು ಬರೋಷ್ಟರಲ್ಲಿ ಬೋಜು ಸಾರಿಸಿಬಿಟ್ಟಿದ್ರು. ಹಳದಿ ಬಿತ್ತು. ಈ ಶ್ರಾವಣದಲ್ಲಿ ಅಡುಗೆಮನೆ ಹೋಯ್ತು," ಎನ್ನುತ್ತಾರೆ ಬಿಷ್ಣುಕಲಾ. "ಬೋಜು ಆಡಿಗೆ ಹುಲ್ಲು ತರಕ್ಕೆ ಹೋಗಿದ್ರು, ಅಷ್ಟೇ ಪುಣ್ಯ. ಈಗ ಕೂತ್ರೆ ಎಲ್ಲೋ ಯಾರೋ ಸಾರಿಸ್ತಿದಾರೆ ಅನ್ಸುತ್ತೆ."

ಹಾಗಾಗಿ ಕೂರುವುದೇ ಇಲ್ಲ. ಬೋಜು ಕೊಟ್ಟ ಉಪ್ಪು ಚಹಾ ಅರ್ಧಕ್ಕೇ ಉಳಿಯುತ್ತದೆ. ದಾರಿಯಲ್ಲಿ ತಂಡದ ಮುಖ್ಯಸ್ಥರ ಮೂಗಿನ ದನಿ ಅನುಕರಿಸಿ ತೋರಿಸುತ್ತಾರೆ: "ಗೋಡೆಯ ಫೋಟೊ ಕಳಿಸಿ. ಗೋಡೆ ಮುಂದೆ ಹಲ್ಲು ಕಿರಿದು ನಿಂತವರದು ಬೇಡ." ತಿರುವಿನಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವ ಪ್ರೇಮ್ ಕಾದು ನಿಂತಿದ್ದಾರೆ.

"ಬೈನಿ, ನನ್ನ ತಂಗಿಯಲ್ವಾ, ಸ್ವಲ್ಪ ಹಳದಿ ಮಾಡಮ್ಮ. ಕೆಂಪು ಅಂದ್ರೆ ಯಾರು ಬಂದು ಮಲಗ್ತಾರೆ?"

"ದಾಜು, ಬಣ್ಣ ನಂದಲ್ಲ. ಗೋಡೆ ಹೇಳಿದ್ದು ಹೇಳ್ತೀನಿ."

"ಗೋಡೆಗೆ ಕಿವಿ ಇರುತ್ತೆ ಅಂತ ಕೇಳಿದ್ದೆ. ಬಾಯೂ ಇದ್ಯಾ?"

ಬಿಷ್ಣುಕಲಾ ಅವರ ಗೋಡೆಯ ಬಿರುಕಿನೊಳಗೆ ಬೆರಳು ತೂರಿಸುತ್ತಾರೆ. "ಮತ್ತೆ ಇದೇನು?"



ಹೆಚ್ಚುಕಡಿಮೆ ಎಲ್ಲರ ಗೋಡೆಯೂ ಆಯಿತು, ಇನ್ನು ತಮ್ಮದು. ಅಂಗಳದ ಕಡೆಯ ಗೋಡೆಯಲ್ಲಿ ನೀಲಿ ಗೆರೆ ಈ ಮಳೆಗೆ ಹೆಬ್ಬೆರಳಷ್ಟು ಬೇರ್ಪಟ್ಟಿದೆ. ಸ್ವಂತ ಮನೆಯ ಅಳತೆಯನ್ನು ತಾವೇ ಕೊಡುವಂತಿಲ್ಲ, ತಂಡವೇ ಬಂದು ನೋಡಬೇಕು. ಅವರು ಬರುವುದು ನಾಳೆ. ಅತ್ತೆ ಹೇಮ್‌ಕುಮಾರಿ ಮಣ್ಣು ನೆನೆಸಿದ್ದು ನಿನ್ನೆ. ಕುಲಕ್ಕೆಲ್ಲ ಹಿರಿಯರಾದ ಅವರ ಕೈಯಿಂದ ಹಣೆಗೆ ಟೀಕಾ ಇಡಿಸಿಕೊಳ್ಳಲು ಬರುವ ನೆಂಟರು, ಗೋಡೆ ಬೋಳಾಗಿದ್ದರೆ ಅಂಗಳದಿಂದಲೇ ಹಿಂದಿರುಗುತ್ತಾರೆ. ಗೋಡೆ ಸಾರಿಸಿದರೆ ಇನ್ನೊಂದು ಮಳೆಗಾಲ ಇದೇ ಗೋಡೆಯ ಕೆಳಗೆ ಮಲಗಬೇಕು.

ಬಿಸಿಲೇರುವಾಗ ಮನೆ ತಲುಪಿದರೆ ಅತ್ತೆಯ ಕೈ ಆಗಲೇ ಮೊಣಕೈವರೆಗೆ ಕೆಂಪು. ಮೂರು ಗೋಡೆ ಮುಗಿದಿವೆ. ಸೊಸೆ ನಾಲ್ಕನೆಯದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾರೆ.

"ಊರಿಗೆಲ್ಲ ಹೇಳ್ಕೊಂಡು ಬಂದೆ. ನನಗೆ ಹೇಳೋಕೆ ಬಾಯಿ ಬರ್ಲಿಲ್ವಾ?"

"ಬೇರೆಯವರ ಅತ್ತೆಗೆ ಹೇಳೋದು ಸುಲಭ, ಆಮಾ."

"ನಿಮ್ಮಪ್ಪ ತೀರಿಹೋದ ವರ್ಷ ಬಿಟ್ರೆ ಈ ಮನೆ ಯಾವ ದಸೈಂಗೂ ಬೋಳು ನಿಂತಿಲ್ಲ." ಅಪ್ಪ ಅಂದರೆ ಮಾವ, ಹೇಮ್‌ಕುಮಾರಿಯ ಗಂಡ.

"ಗೊತ್ತು ಆಮಾ."

"ಗೊತ್ತಿದ್ರೆ ಸರಿ. ಸರಿ ಆಚೆ."

ಬಿಷ್ಣುಕಲಾ ಸರಿಯುವುದಿಲ್ಲ. ಅತ್ತೆ ಸೊಸೆಯ ಭುಜದಾಚೆ ಬಿರುಕನ್ನು ದಿಟ್ಟಿಸುತ್ತಾರೆ, ಅದರೊಳಗೆ ತಮ್ಮ ಬೆರಳನ್ನೂ ಹಾಕಿ ನೋಡುತ್ತಾರೆ. ಬೆರಳು ಪೂರ್ತಿ ಒಳಗೆ ಹೋಗುತ್ತದೆ. ಅತ್ತೆ ಬಿಳಿ ಮಣ್ಣಿನ ಬಟ್ಟಲು ತಂದು, ಬಿರುಕಿನ ಸುತ್ತ ಬಾಗಿಲಿಗೆ ಎಳೆದಂತೆ ಚೌಕಟ್ಟು ಎಳೆಯುತ್ತಾರೆ. ಅದರ ಅಂಚಿನವರೆಗೆ ಕೆಂಪು ಸಾರಿಸುತ್ತಾರೆ. ಒಳಗೆ ಬಿರುಕು, ನೀಲಿ ಗೆರೆ ಹಾಗೇ ಉಳಿಯುತ್ತವೆ.

"ಸೂತಕ ಇಲ್ಲ ಅಂತ ನೆಂಟರಿಗೆ ಕಾಣ್ಲಿ. ಬಿರುಕಿದೆ ಅಂತ ನಿನ್ನೋರಿಗೆ ಕಾಣ್ಲಿ. ನಿಂತು ಏನು ನೋಡ್ತೀಯ, ನೀರು ತಾ."

ಸೊಸೆ ನೀರು ತರುತ್ತಾರೆ. ಜೊತೆಗೆ ಒಂದು ಹಿಡಿ ಮಣ್ಣನ್ನೂ ಬಳಿಯುತ್ತಾರೆ. ನಿಮ್ಮ ಆಸೆಯೇನು ಎಂದು ಕೇಳಿದರೆ ಕೈ ನಿಲ್ಲಿಸದೆ ಹೇಳುತ್ತಾರೆ: "ಎಲ್ಲೋ ಗಟ್ಟಿ ನೆಲದಲ್ಲಿ, ಆಮಾ ಜೊತೆ, ನಾಲ್ಕೂ ಗೋಡೆ ಪೂರ್ತಿ ಸಾರಿಸ್ಬೇಕು. ಟಾರ್ಚು ಬಿಟ್ಟು ನೋಡ್ದೆ."

ಅಷ್ಟರಲ್ಲಿ ಮೇಲಿನ ಮನೆಯಂಗಳದಲ್ಲಿ ಬಕೆಟ್ಟಿನ ಸದ್ದು. ಅಲ್ಲಿ ಒಂದೇ ಗೋಡೆ ನೋಡಿದ್ದು. ಹಿಂದಿನದು ಬಾಕಿ ಇದೆ. ಬಿಷ್ಣುಕಲಾ ಕೈ ತೊಳೆಯದೆ ಮೆಟ್ಟಿಲು ಹತ್ತಿ ಓಡುತ್ತಾರೆ.

"ಕಾಕಿ, ಹಿಂದಿನ ಗೋಡೆ ಮುಟ್ಬೇಡಿ. ಬಂದೆ."