ಹಳ್ಳದ ಮಣ್ಣು, ಒಲಿ ಬೂದಿ

ನಮ್ಮ ಅತ್ತಿಯಂಥ ಸ್ವಚ್ಛ ಹೆಂಗಸು ಸಂತೆಕಲ್ಲೂರಾಗ ಇನ್ನೊಬ್ಬಳು ಇರಲಿಲ್ಲ. ಹೊತ್ತು ಹೊಂಡೋದ್ರಾಗ ಜಳಕ ಆಗಬೇಕು, ಲಿಂಗಪೂಜಿ ಆಗಬೇಕು, ಹಣಿ ತುಂಬ ಈಬತ್ತಿ ಇರಬೇಕು. ಪೂಜಿ ಮುಗಿಯೂತನಕ ಯಾರೂ ಅಕಿ ಸೆರಗಿಗೆ ತಾಗಂಗಿಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ. ಮುಂದಿನದು ಓದಿ ಅಕಿ ಹೊಲಸು ಹೆಂಗಸು ಇದ್ದಳು ಅಂತ ಯಾರೂ ತಿಳಕೋಬಾರದು.

ನಿಜಾಮಶಾಹಿ ಹೋಗಿ ಎರಡು ಮೂರು ವರ್ಷ ಆಗಿತ್ತು. ನಮ್ಮಂಥವರ ಮನಿಯಾಗ ಸಾಬಾನು ಇರಲಿಲ್ಲ. ನಸುಕಿನಾಗ ಚರಿಗಿ ತಗೊಂಡು ಹಳ್ಳದ ದಂಡಿಗೆ ಹೋಗೋದು, ಬಂದು ಮಣ್ಣಿಲೆ ಕೈ ತಿಕ್ಕಿ ತೊಳಕೊಳ್ಳೋದು. ಆ ಮಣ್ಣನ್ನೂ ಅತ್ತಿ ಹಳ್ಳದ ದಂಡಿಯಿಂದಲೇ ತರ್ತಿದ್ದಳು. ಹರಿಯೋ ನೀರಿನ ಮಗ್ಗಲದ್ದು, ಗಂಗವ್ವನ ಮಣ್ಣು, ಅದಕ್ಕಿಂತ ಶುದ್ಧ ಯಾವುದೈತಿ ಅನ್ನಾಕಿ. ಒಡಕು ಗಡಗಿಯಾಗ ತುಂಬಿ ಬಚ್ಚಲ ಮಗ್ಗಲಿಗೆ ಇಡ್ತಿದ್ದಳು. ಮನಿ ಮಂದಿಗೆಲ್ಲ ಅದೇ ಮಣ್ಣು, ಅದೇ ಚರಿಗಿ.

ನನ್ನ ಮೊದಲನೇ ಕೂಸು ಗಂಡು. ಎಂಟು ತಿಂಗಳದ್ದು ಇದ್ದಾಗ ಭೇದಿ ಹತ್ತಿ ನಾಕು ದಿನದಾಗ ಹೋತು. ಎರಡನೇದು ಹೆಣ್ಣು. ಅದಕ್ಕೂ ಹಾಲಾಗ ರೊಟ್ಟಿ ಮಿದ್ದು ತಿನ್ನಿಸೋದು ಸುರು ಮಾಡಿ ಹದಿನೈದು ದಿನ ಆಗಿರಲಿಲ್ಲ, ಭೇದಿ ಹತ್ತಿತು. ತಿನ್ನಿಸಾಕಿ ಅತ್ತಿನೇ. ಅಕಿ ತೊಡಿ ಬಿಟ್ಟು ಕೂಸು ಇಳಿತಿದ್ದಿಲ್ಲ. ಈ ಸಲ ನಾ ಸುಮ್ಮನ ಕುಂಡರಲಿಲ್ಲ. ಗಂಡಗ ಗಾಡಿ ಹೂಡು ಅಂದೆ. ಲಿಂಗಸುಗೂರ ದವಾಖಾನಿಗೆ ಹೋದಿವಿ.

ಡಾಕ್ಟರು ಔಷಧ ಕೊಟ್ಟರು. ಅಲ್ಲಿಯ ನರ್ಸವ್ವ ಕೂಸಿನ ಅರಿವಿ ಬಿಚ್ಚಿ ತೆಗೆದು, ತನ್ನ ಕೈ ಮೊಳಕೈತನಕ ತೊಳಕೊಂತ ಕೇಳಿದಳು.

"ನಿಮ್ಮ ಮನ್ಯಾಗ ಕೈ ಯಾತರಲೆ ತೊಳಿತೀರವ್ವ?"

"ಮಣ್ಣಿಲೆ ರೀ."

"ಮಣ್ಣು ಎಲ್ಲಿದು?"

"ಹಳ್ಳದ ದಂಡಿದು."

"ಬಯಲಕಡೆಗೆ ಎಲ್ಲಿ ಹೋಗ್ತೀರಿ?"

"ಹಳ್ಳದ ದಂಡಿಗೆ..." ಅಂದೆ. ಅನ್ನೂವಾಗನೇ ಎರಡೂ ಒಂದೇ ದಂಡಿ ಅಂತ ಹೊಳೀತು.

ಅಕಿ ನಗಲಿಲ್ಲ. "ಒಲಿ ಐತಿಲ್ಲೋ ಮನ್ಯಾಗ? ಉರಿ ಕಂಡ ಒಣ ಬೂದಿಲೆ ತೊಳಿರಿ. ಎಲ್ಲಾರೂ ಮುಟ್ಟೋ ಚರಿಗಿನೂ ಅದ್ರಲೇ ತಿಕ್ಕು. ಕೂಸಿನ ಅರಿವಿ ಕುದಿಸಿ ಬಿಸಲಿಗೆ ಹಾಕು, ಕುಡಿಯೋ ನೀರೂ ಕುದಿಸು," ಅಂದಳು.

ಕೂಸು ಚೇತರಿಸಿಕೊಂಡಿತು. ಮನಿಗೆ ಬಂದ ದಿನಾನೇ ಗಡಗಿ ಮಣ್ಣು ತಿಪ್ಪಿಗೆ ಸುರುವಿ, ಬ್ಯಾರೆ ಗಡಗಿಯಾಗ ಬೂದಿ ತುಂಬಿ ಇಟ್ಟೆ. ಅತ್ತಿ ನೋಡಿದಳು.

"ಮಣ್ಣೆಲ್ಲಿ ಬೇ?"

"ಚೆಲ್ಲೀನ್ರಿ. ಇನ್ನ ಬೂದಿಲೆ ತೊಳಿಯೂದು."

"ಹಣಿಗೆ ಬೂದಿ ಹಚ್ಚೋ ಮನಿತನ ನಮ್ದು. ಅದನ್ನ ಒಯ್ದು ಕುಂಡಿ ತೊಳದ ಕೈಗೆ ಹಚ್ಚಂತೀಯಾ?"

"ಭಾಂಡೆ ತಿಕ್ಕೂದಿಲ್ಲೇನ್ರಿ ಅದ ಬೂದಿಲೆ?"

"ಭಾಂಡೆ ಚರಿಗಿ ತಗೊಂಡು ಹಳ್ಳಕ್ಕ ಹೋಗತಾವೇನಬೇ?"

ನನಗೂ ನಗು ಬಂತು. ಆದ್ರ ಸಿಟ್ಟು ಅದಕ್ಕಿಂತ ಮುಂದಿತ್ತು. "ಬೂದಿಲೆ ತೊಳಿಯೂತನಕ ನನ್ನ ಕೂಸಿಗೆ ನಿಮ್ಮ ಕೈಲೆ ತಿನ್ನಸಬ್ಯಾಡ್ರಿ," ಅಂದೆ.

ಅಂದಿದ್ದು ಇಷ್ಟೇ. ಅಕಿ ಕೇಳಿಸಿಕೊಂಡಿದ್ದು ಬ್ಯಾರೆ. ಸತ್ತ ಕೂಸಿಗೂ ತಿನ್ನಿಸಿದ್ದು ಅದೇ ಕೈ. ಅಕಿ ಮಾರಿಯಾಗಿನ ರಕ್ತ ಇಳಿದದ್ದು ನೋಡಿದ ಮ್ಯಾಲೆ ನನಗ ತಿಳೀತು. ತಿಳಿದರೂ ಮಾತು ವಾಪಸ್ ತಗೊಳ್ಳಲಿಲ್ಲ. ಕೂಸು ಉಳಿಬೇಕಿತ್ತು.

ಎಂಟು ದಿನ ಅತ್ತಿ ಕೂಸನ್ನ ಮುಟ್ಟಲಿಲ್ಲ. ಅದು ತೆವಳಿಕೊಂತ ಅಕಿ ಕಡೆ ಹೋಗೋದು, ಅಕಿ ಎದ್ದು ಹಿತ್ತಲಕ್ಕ ಹೋಗೋದು. ಮಣ್ಣನ್ನೂ ತರಲಿಲ್ಲ, ಬೂದಿಗೂ ಕೈ ಹಾಕಲಿಲ್ಲ. ಬರೇ ನೀರಿಲೆ ತೊಳಕೊಂಡಳು. ನಾ ಚರಿಗಿ ತಿಕ್ಕಿದೆ, ತೊಟ್ಟಿಲ ಹಗ್ಗ ಕುದಿಯೋ ನೀರಾಗ ಅದ್ದಿದೆ, ಬಾಗಲ ಚಿಲಕಕ್ಕೂ ಬೂದಿ ಹಚ್ಚಿ ಒರಸಿದೆ. ಚಿಲಕ ಯಾರೂ ಹೇಳಿದ್ದಲ್ಲ, ಮೂರು ಹೊತ್ತು ಎಲ್ಲಾರ ಕೈ ಬೀಳೋದು ಅದರ ಮ್ಯಾಲೇ ಅಂತ ನನಗ ತೋಚಿದ್ದು. ಈಗ ಸಾಬಾನು ಮನಿಮನಿಗೆ ಐತಿ, ಅದ್ರಲೇ ತೊಳಿರಿ. ಬೂದಿನೇ ಹೆಚ್ಚು ಅಂತ ನಾ ಹೇಳಾಕತ್ತಿಲ್ಲ. ಇಲ್ಲದಾಗ ಇದ್ದದ್ದು ಅದು.

ಒಂಬತ್ತನೇ ದಿನ ನಾ ರೊಟ್ಟಿ ಬಡಿಯಾಕತ್ತಿದ್ದೆ, ಕೈಯೆಲ್ಲ ಹಿಟ್ಟು. ಕೂಸು ಹಸ್ತು ಒಂದೇ ಸಮನ ಅಳಾಕತ್ತಿತ್ತು. ಅತ್ತಿ ಒಲಿ ಹಿಂದಿನ ಆರಿದ ಬೂದಿ ಒಂದು ಮುಷ್ಟಿ ತಗೊಂಡು ಬಚ್ಚಲಿಗೆ ಹೋದಳು. ಹೊಳ್ಳಿ ಬಂದು ಎರಡೂ ಅಂಗೈ ನನ್ನ ಮಾರಿ ಮುಂದ ಹಿಡಿದಳು.

"ನೋಡು. ಸಾಕೋ?"

"ಉಗುರಿನ ಸಂದ್ಯಾಗ ಉಳದೈತ್ರಿ."

ಮತ್ತ ಹೋಗಿ ತಿಕ್ಕಿಕೊಂಡು ಬಂದಳು. ಕೂಸನ್ನ ತೊಡಿ ಮ್ಯಾಲೆ ಹಾಕ್ಕೊಂಡು ಹಾಲಾಗ ರೊಟ್ಟಿ ಮಿದ್ದಳು. ಒಂದು ತುತ್ತು ತಿನ್ನಿಸಿ, ನನ್ನ ಕಡೆ ನೋಡದ ಕೇಳಿದಳು:

"ಮೊದಲಿನವ ನನ್ನ ಕೈಲೇ ಹೋದನೇನ?"

"ಗೊತ್ತಿಲ್ಲ ರೀ," ಅಂದೆ. ಗೊತ್ತಿರಲಿಲ್ಲ, ಇವತ್ತಿಗೂ ಗೊತ್ತಿಲ್ಲ. "ನಾನೂ ಅದ ಮಣ್ಣಿಲೆ ತೊಳಕೊಂತಿದ್ದೆ. ನಾನೂ ತಿನ್ನಿಸೀನಿ."

ಆ ಮಾತು ನಾ ಎಂಟು ದಿನ ಮೊದಲೇ ಅನ್ನಬೇಕಿತ್ತು.

ಮರುದಿನ ನಸುಕಿನಾಗ ಇಬ್ಬರೂ ಹಳ್ಳದಿಂದ ಬಂದಿವಿ. ಅತ್ತಿ ಗಡಗಿಯಾಗಿನ ಬೂದಿ ಮೊದಲು ನನ್ನ ಕೈಯಾಗ ಹಾಕಿದಳು. "ಉಗುರಿನ ಸಂದ್ಯಾಗೂ ತಿಕ್ಕು," ಅಂದು ನೀರು ಹೊಯ್ದಳು.